ಇಂಕಿಲ್ಲದ ಗೆರೆ

ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಅಡುಗೆಮನೆಯಲ್ಲಿ ಟಕ್ ಎಂದಿತು. ಅಕ್ಕ ಹಾಸಿಗೆಯಲ್ಲಿ ಅಲುಗಾಡದೆ ಎಣಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಟಕ್. ಅಷ್ಟೇ ಹೊತ್ತು ಬಿಟ್ಟು ಮೂರನೆಯದು. ಗ್ಯಾಸ್ ಒಲೆಯ ನಾಬನ್ನು ಚೂರೇ ಚೂರು ತೆರೆದು, ಮತ್ತೆ ಮುಚ್ಚಿ, ಅದು ತನ್ನ ಜಾಗದಲ್ಲಿ ಕೂತಿತೇ ಎಂದು ಕಿವಿಗೊಟ್ಟು ನೋಡುವ ಸದ್ದು. ಆಮೇಲೆ ಬರಿಗಾಲಿನ ಹೆಜ್ಜೆಗಳು ನಡುಮನೆ ದಾಟಿ ಅವಳ ಕೋಣೆಯ ಬಾಗಿಲ ಹತ್ತಿರ ಬಂದು ನಿಂತವು.

"ಅಕ್ಕ, ಎಚ್ಚರ ಇದ್ದೀರಾ?"

"ಹೂಂ."

"ಒಂದ್ಸಲ ಬಂದು ನೋಡ್ತೀರಾ?"

ಅಕ್ಕ ಎದ್ದಳು. ದಿನವೂ ಏಳುತ್ತಾಳೆ. ಅಮ್ಮನ ಕೋಣೆಯಿಂದ ಕೆಮ್ಮಿನ ಬೆನ್ನಿಗೇ ಮಾತು ಬಂತು: "ಶುರುವಾಯ್ತಾ ಇವಳ ಗಸ್ತು? ಬೀದಿ ಕಾಯೋ ಪೊಲೀಸ್ನೋರೂ ಇಷ್ಟು ಸಲ ತಿರುಗಲ್ಲ ಕಣೇ."

ಮೂರು ನಾಬುಗಳೂ ನೆಟ್ಟಗೆ ನಿಂತಿದ್ದವು. ಅಕ್ಕ ಒಂದೊಂದನ್ನೂ ಬೆರಳಿನಿಂದ ಮುಟ್ಟಿ, "ಆಫ್ ಇದೆ. ಹೋಗಿ ಮಲ್ಕೋ" ಎಂದಳು.

"ನೀವು ನೋಡಿದ್ರೆ ಸಮಾಧಾನ. ನಾನು ನೋಡಿದ್ದು ನನಗೇ ನಂಬಿಕೆ ಬರಲ್ಲ, ಏನ್ ಮಾಡ್ಲಿ." ಕಿರಿಯವಳು ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಇವತ್ತು ಮಂಗಳವಾರ ಅಲ್ವಾ? ಮುದುಕಿ ಎಷ್ಟಿದ್ಲು?"

"ಮೂರು ಪಾಯಿಂಟ್ ಎರಡು."

ಕಿರಿಯವಳು ಡಬ್ಬಗಳ ಬೀರುವಿನ ಬಾಗಿಲು ತೆರೆದು, ಒಳಮೈಗೆ ದಾರದಲ್ಲಿ ತೂಗುಹಾಕಿದ್ದ ಮೋಟು ಪೆನ್ಸಿಲಿನಿಂದ ಉದ್ದನೆಯ ಸಾಲಿನ ಕೊನೆಗೆ ಅದನ್ನು ಬರೆದಳು. ಬಾಗಿಲ ಮೇಲೆ ಜಾಗ ಮುಗಿಯುತ್ತಾ ಬಂದಿತ್ತು.

ತಮ್ಮನ ಹೆಂಡತಿಯನ್ನು ಅಕ್ಕ ಇವತ್ತಿಗೂ ಮನಸ್ಸಿನಲ್ಲಿ ಕಿರಿಯವಳು ಎಂದೇ ಕರೆಯುತ್ತಾಳೆ. ಅದು ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಹೆಸರು. ಆಗ ಇಬ್ಬರೂ ಊರಾಚೆಯ ರೇಡಿಯೋ ವೀಕ್ಷಣಾಲಯದಲ್ಲಿ ಜೊತೆಯಾಗಿ ಪಾಳಿ ಮಾಡುತ್ತಿದ್ದರು. ಅಕ್ಕ ಹಿರಿಯ ವೀಕ್ಷಕಿ, ಅವಳು ಕಿರಿಯ ವೀಕ್ಷಕಿ. ಮದುವೆಯಾದ ಮೇಲೆ ಕಿರಿಯವಳು ಅಕ್ಕನನ್ನು ಅತ್ತಿಗೆ ಎನ್ನಬೇಕಿತ್ತು. ಅವಳ ಬಾಯಿಗೆ ಬಂದದ್ದು ಹಳೆಯ ಅಕ್ಕನೇ. ಮುದುಕಿ ಎಂದರೆ ಅವರು ವಾರಕ್ಕೊಮ್ಮೆ ಅಳೆಯುತ್ತಿದ್ದ ಒಂದು ಕ್ವೇಸಾರ್, ಬಹುದೂರದ ಗೆಲಾಕ್ಸಿಯೊಂದರ ಉರಿಯುವ ನಡುಭಾಗ. ಈ ಭೂಮಿ ಹುಟ್ಟುವ ಮೊದಲೇ ಅಲ್ಲಿಂದ ಹೊರಟ ಅಲೆಗಳು ಇಲ್ಲಿಯ ಡಿಷ್‌ಗೆ ಬಂದು ಬೀಳುತ್ತವೆಂದು ಯಾರೋ ಇಟ್ಟ ಹೆಸರು. ಅದರ ಹೊಳಪು ವಾರದಿಂದ ವಾರಕ್ಕೆ ಚೂರು ಏರುತ್ತದೆ, ಚೂರು ಇಳಿಯುತ್ತದೆ. ಆ ಏರಿಳಿತವನ್ನು ಬರೆದಿಡುವುದೇ ಅಕ್ಕನ ಕೆಲಸ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಗೇಟಿನ ಮರದ ಪೆಟ್ಟಿಗೆಯಲ್ಲಿ ಮೊಬೈಲ್ ಇಟ್ಟು, ಚೀಟಿ ತೆಗೆದುಕೊಂಡು ಒಳಗೆ ನಡೆದಳು. ಒಂದು ಮೊಬೈಲ್ ಕೂಡ ಮುದುಕಿಯ ಪಿಸುಮಾತನ್ನು ಮುಳುಗಿಸಿಬಿಡುತ್ತದೆ. ದಾಖಲೆ ಕೋಣೆಯ ಮುಂದೆ ಹೊಸ ಸಂಶೋಧಕಿ ಆಗಲೇ ಕಾಯುತ್ತಿದ್ದಳು. ಆರು ತಿಂಗಳ ಹಿಂದೆ ಬಂದ ಹುಡುಗಿ. ಮಾತು ಮುಗಿಯುವ ಮೊದಲೇ ಮುಂದಿನ ಮಾತು ಶುರು ಮಾಡುವವಳು. ಕಚೇರಿಯಲ್ಲೂ ಎಲ್ಲರೂ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಅಕ್ಕ, ಕೂತ್ಕೊಳ್ಳಿ ಮೊದ್ಲು. ನಿಂತು ನೋಡೋದಲ್ಲ ಇದು."

"ಯಾಕಮ್ಮಾ, ತಲೆ ತಿರುಗಿ ಬೀಳ್ತೀನಾ?"

"ನಾನಂತೂ ಬಿದ್ದೆ."

ಅವಳು ಮೇಜಿನ ಮೇಲೆ ಏಳು ಹಾಳೆಗಳನ್ನು ಸಾಲಾಗಿ ಹರಡಿದಳು. ಬೇರೆ ಬೇರೆ ದೇಶದವರು ತಮ್ಮ ಡಿಷ್‌ಗಳನ್ನು ಒಟ್ಟುಗೂಡಿಸಿ ಹಿಂದೆಂದೋ ತೆಗೆದಿಟ್ಟ, ಮುದುಕಿಯ ಸೂಕ್ಷ್ಮ ನಕ್ಷೆಗಳು. ಯಾರೂ ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ. ಪ್ರತಿ ಹಾಳೆಯಲ್ಲೂ ಎಡಕ್ಕೆ ಒಂದು ದಪ್ಪ ಉಂಡೆ; ಅದರಿಂದ ಬಲಕ್ಕೆ ದಾರದಂತೆ ಚಿಮ್ಮಿದ ಜೆಟ್. ದಾರದಲ್ಲಿ ಅಲ್ಲಲ್ಲಿ ಗಂಟುಗಳು. ಅವುಗಳಲ್ಲಿ ಒಂದಕ್ಕೆ ಹುಡುಗಿ ಕೆಂಪು ಸುತ್ತು ಹಾಕಿದ್ದಳು.

"ಈ ಗಂಟು ನೋಡಿ. ವರ್ಷ ವರ್ಷ ಒಂದೇ ಅಳತೆ ಹೊರಗೆ ಹೋಗ್ತಿದೆ. ಮಕ್ಕಳ ಎತ್ತರ ಗೋಡೆ ಮೇಲೆ ಗುರುತು ಹಾಕ್ತೀವಲ್ಲ, ಹಾಗೆ. ಹಿಂದಕ್ಕೆ ಗೆರೆ ಎಳೆದ್ರೆ, ಉಂಡೆಯಿಂದ ಹೊರಬಿದ್ದದ್ದು ಇಲ್ಲಿ ನಮಗೆ ಯಾವತ್ತು ಕಾಣ್ಬೇಕಿತ್ತು ಅಂತ ಸಿಗುತ್ತೆ. ನಾನು ಎಳೆದೆ." ಅವಳು ಎಂಟನೆಯ ಹಾಳೆ ತೆಗೆದಳು. "ಇಪ್ಪತ್ತನಾಲ್ಕು ವರ್ಷದ ಹಿಂದೆ, ಹನ್ನೊಂದನೇ ತಿಂಗಳು, ಆರನೇ ತಾರೀಕು. ನಾಲ್ಕು ದಿನ ಆಚೀಚೆ ಇಟ್ಕೊಳ್ಳಿ."

ಅಕ್ಕ ಕನ್ನಡಕ ತೆಗೆದು ಒರೆಸಿದಳು. ಅದು ಚೊಕ್ಕವಾಗಿಯೇ ಇತ್ತು.

"ಇಷ್ಟು ದೊಡ್ಡ ಗಂಟು ಸುಮ್ಮನೆ ಹುಟ್ಟಲ್ಲ ಅಕ್ಕ. ಹುಟ್ಟಿದಾಗ ಮುದುಕಿ ಕೂಗಿರಲೇಬೇಕು. ಹೊಳಪು ಎರಡು ಪಟ್ಟೋ ಮೂರು ಪಟ್ಟೋ ಏರಿರಬೇಕು. ನಿಮ್ಮ ಪಟ್ಟಿ ತೆಗೆದು ನೋಡಿದೆ. ಹಿಂದಿನ ಮೂರು ವಾರ ಸ್ವಲ್ಪ ಸ್ವಲ್ಪ ಏರಿದೆ. ಆ ವಾರ ಮಾತ್ರ ಖಾಲಿ. ಯಂತ್ರದೋಷ ಅಂತ ಬರೆದಿದೆ, ಕೆಳಗೆ ನಿಮ್ಮ ಸಹಿ."

"ಆಮೇಲೆ ಎರಡು ತಿಂಗಳು ಡಿಷ್ ರಿಪೇರೀಲಿತ್ತು."

"ಗೊತ್ತು. ಅದಕ್ಕೇ ಆ ಒಂದು ರಾತ್ರಿ ಬೇಕು ನನಗೆ. ಪೆನ್ನು ಬರೆದ ಸುರುಳಿ ಇರುತ್ತಲ್ಲ? ದೋಷವೋ ಅಲ್ವೋ ನಾನೇ ನೋಡ್ತೀನಿ." ಅವಳು ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ ಕೇಳಿದಳು: "ಆ ರಾತ್ರಿ ಪಾಳೀಲಿ ಇನ್ನೊಬ್ರು ಇದ್ರಲ್ಲ, ಅವರೆಲ್ಲಿ ಈಗ? ನಿಜವಾಗ್ಲೂ ಅವರು ನೋಡಿದ್ರೆ ನನ್ನ ಪ್ರಬಂಧದಲ್ಲಿ ಅವರ ಹೆಸರೇ ಮೊದಲು ಬರಬೇಕು."

"ಮದುವೆಯಾಗಿ ಹೋದ್ಲು," ಎಂದಳು ಅಕ್ಕ.

"ಛೆ. ಸುರುಳಿ?"

"ಹುಡುಕ್ಬೇಕು. ನಾಳೆ ಹೇಳ್ತೀನಿ."

ಆ ಕಾಲಕ್ಕೆ ಬೇರೆ ಕಡೆಯೆಲ್ಲ ಕಂಪ್ಯೂಟರು ಬಂದಿದ್ದರೂ ಇಲ್ಲಿಯ ಮುಖ್ಯಸ್ಥರು ಪೆನ್ನನ್ನೇ ನಂಬುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಡಿಷ್ ಮುದುಕಿಯ ಕಡೆ ತಿರುಗಿದಾಗ ಕಾಗದದ ಸುರುಳಿಯ ಮೇಲೆ ಪೆನ್ನು ಏರುತ್ತಿತ್ತು. ಪಕ್ಕದ ಖಾಲಿ ಆಕಾಶಕ್ಕೆ ತಿರುಗಿದಾಗ ಇಳಿಯುತ್ತಿತ್ತು. ಕಾಗದದ ಅಂಚಿನಲ್ಲಿ ಪೆನ್ನನ್ನು ತಡೆಯಲು ಒಂದು ಹಿತ್ತಾಳೆಯ ತುಂಡಿತ್ತು. ಅದಕ್ಕೆ ಪೆನ್ನು ಬಡಿದದ್ದನ್ನು ಯಾರೂ ಕಂಡಿರಲಿಲ್ಲ. ಎಂದಿನ ಮಟ್ಟಕ್ಕಿಂತ ತೀರಾ ಹೆಚ್ಚಿನ ಏರಿಕೆ ಕಂಡರೆ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಪಾಳಿಯ ಇಬ್ಬರೂ ಸಹಿ ಹಾಕಬೇಕೆಂಬುದು ಮೇಷ್ಟ್ರ ನಿಯಮ. ಒಬ್ಬರ ಕಣ್ಣನ್ನು ಅವರು ನಂಬುತ್ತಿರಲಿಲ್ಲ.

ಆ ರಾತ್ರಿ ಎರಡೂವರೆಗೆ ಅಕ್ಕ ಪಕ್ಕದ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಂಚದ ಮೇಲಿದ್ದಳು. ಪಾಳಿಯಲ್ಲಿ ಮಲಗುವಂತಿರಲಿಲ್ಲ. ಹಿಂದಿನ ತಿಂಗಳಷ್ಟೇ ಮೇಷ್ಟ್ರು ಕುರ್ಚಿಯಲ್ಲಿ ತೂಕಡಿಸಿದ ಕಾವಲುಗಾರನನ್ನು ಅದೇ ಬೆಳಿಗ್ಗೆ ಮನೆಗೆ ಕಳಿಸಿದ್ದರು. ಆದರೆ ಕಿರಿಯವಳು ನಂಬಿಕಸ್ಥೆ. ಅಕ್ಕ ವಾರಕ್ಕೆ ಎರಡು ರಾತ್ರಿಯಾದರೂ ಯಂತ್ರವನ್ನು ಅವಳಿಗೆ ಬಿಟ್ಟು ಹೋಗಿ ಮಲಗುತ್ತಿದ್ದಳು. ಆಗ ಗೋಡೆಯಾಚೆ ಟಕ್ ಎಂದಿತು. ಡಿಷ್‌ನ ಮೋಟಾರು ಗುಂಯ್ಗುಟ್ಟಿ ನಿಂತಿತು. ಮತ್ತೆ ಗುಂಯ್ಗುಟ್ಟಿತು, ಟಕ್. ಇನ್ನೊಮ್ಮೆ ಮೋಟಾರು, ಇನ್ನೊಮ್ಮೆ ಟಕ್. ಅಕ್ಕನಿಗೆ ಕತ್ತಲಲ್ಲೇ ಎಲ್ಲ ತಿಳಿಯಿತು. ಕಿರಿಯವಳು ಡಿಷ್ ಅನ್ನು ಮುದುಕಿಯಿಂದ ಆಚೆಗೆ ಒಯ್ದು ಮತ್ತೆ ತರುತ್ತಿದ್ದಾಳೆ; ತಂದಾಗಲೆಲ್ಲ ಪೆನ್ನು ಹಿತ್ತಾಳೆಗೆ ಬಡಿಯುತ್ತಿದೆ. ಹೊರಗಿನ ರೇಡಿಯೋ ಗದ್ದಲವಾಗಿದ್ದರೆ ಆಚೆ ತಿರುಗಿಸಿದಾಗಲೂ ಪೆನ್ನು ಇಳಿಯುತ್ತಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. "ಅಕ್ಕ, ಎಚ್ಚರ ಇದ್ದೀರಾ? ಒಂದ್ಸಲ ಬಂದು ನೋಡ್ತೀರಾ? ಮುದುಕಿ ಎದ್ದು ಕೂತಿದ್ದಾಳೆ!"

ಆ ದನಿಯಲ್ಲಿ ಹಬ್ಬದ ದಿನದ ಮಕ್ಕಳ ಸಂಭ್ರಮವಿತ್ತು. ಎದ್ದು ಸಹಿ ಹಾಕಿದರೆ ಬೆಳಿಗ್ಗೆ ಮೇಷ್ಟ್ರು ಗಳಿಗೆ ಗಳಿಗೆಯ ಲೆಕ್ಕ ಕೇಳುತ್ತಾರೆ, ಮೊದಲ ಸಲ ಬಡಿದಾಗ ನೀವೆಲ್ಲಿದ್ದಿರಿ ಎನ್ನುತ್ತಾರೆ, ಚಿಲಕದ ವಿಷಯ ಹೊರಬರುತ್ತದೆ. ಅಕ್ಕ ಇಷ್ಟನ್ನೂ ಯೋಚಿಸಿದಳು. ಸುರುಳಿಯ ಮೇಲಿನ ಮೊದಲ ಸಹಿ ತನ್ನದಾಗಿರುವುದಿಲ್ಲ ಎಂಬ ಇನ್ನೊಂದನ್ನೂ ಯೋಚಿಸಿದಳು, ಅದನ್ನು ಮಾತ್ರ ಆಮೇಲೆಂದೂ ನೆನಪಿಗೆ ತಂದುಕೊಳ್ಳಲಿಲ್ಲ. ಮೂರು ಸಲ ತಟ್ಟಿ ಕಿರಿಯವಳು ಹೋದಳು. ಅಕ್ಕ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡಳು.

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ.

"ಯಂತ್ರದ ನಾಬು ತಿರುಗಿಸಿಟ್ಟು ಮರೆತಿದ್ದೀರಿ. ಎಲ್ಲಾನೂ ಮೂರು ಪಟ್ಟು ತೋರಿಸಿದೆ. ಅಷ್ಟೇ ತಾನೇ?" ಎಂದು ಮೇಷ್ಟ್ರು ಕಿರಿಯವಳನ್ನು ಕೇಳಿದರು.

"ಇಲ್ಲ ಸಾರ್. ಆಮೇಲೆ ಸ್ಥಿರ ಮೂಲದ ಕಡೆಗೂ ತಿರುಗಿಸಿ ನೋಡಿದೆ. ಅದು ಎಂದಿನ ಎತ್ತರಕ್ಕೇ ನಿಂತಿತ್ತು. ನಾಬು ತಪ್ಪಾಗಿದ್ರೆ ಅದೂ ಏರಬೇಕಿತ್ತಲ್ವಾ?" ಹೊಳಪು ಎಂದೂ ಬದಲಾಗದ ಒಂದು ಮೂಲವನ್ನು ಅವರೆಲ್ಲ ಅಳತೆಗೋಲಿನಂತೆ ಬಳಸುತ್ತಿದ್ದರು.

"ಎಲ್ಲಿದೆ ಅದು?" ಮೇಷ್ಟ್ರು ಸುರುಳಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಮೂರು ಚಪ್ಪಟೆ ಗುಡ್ಡಗಳ ನಂತರ ಕಾಗದ ಬೆಳ್ಳಗೆ ಖಾಲಿಯಾಗಿತ್ತು.

"ಬಡಿದು ಬಡಿದು ನಿಬ್ಬು ಕಟ್ಕೊಂಡ್ಬಿಡ್ತು ಸಾರ್. ಇಂಕ್ ಬರ್ಲಿಲ್ಲ. ಪೆನ್ನು ನಿಂತ ಎತ್ತರ ನಾನು ಕಣ್ಣಲ್ಲಿ ನೋಡಿ ಬರೆದಿಟ್ಟೆ."

"ಇಂಕಿಲ್ಲದ ಪುರಾವೆ! ಚೆನ್ನಾಗಿದೆ." ಮೇಷ್ಟ್ರು ಅಕ್ಕನ ಕಡೆ ತಿರುಗಿದರು. "ಪೆನ್ನು ತಡೆಗೆ ಬಡಿದ್ರೆ ಕಾರಿಡಾರಿನ ಕೊನೇವರೆಗೂ ಕೇಳ್ಸುತ್ತೆ. ನೀವೆಲ್ಲಿದ್ರಿ?"

"ಪಕ್ಕದ ಕೋಣೇಲಿ ಪಟ್ಟಿ ಬರೀತಿದ್ದೆ ಸಾರ್."

"ಎಚ್ಚರವಾಗಿ?"

"ಎಚ್ಚರವಾಗೇ ಇದ್ದೆ."

"ಮೂರು ಸಲ ಡಿಷ್ ಆಚೀಚೆ ಹೋಯ್ತಂತೆ, ಮೂರು ಸಲ ಪೆನ್ನು ಬಡೀತಂತೆ. ಕೇಳಿಸ್ತಾ?"

"ಇಲ್ಲ ಸಾರ್. ಒಂದೇ ಒಂದ್ಸಲ ಬಡಿದ ಹಾಗಿತ್ತು. ಮೋಟಾರಿನ ಸದ್ದು ಕೇಳ್ಲಿಲ್ಲ."

ಪೂರ್ತಿ ಇಲ್ಲವೆಂದಿದ್ದರೆ ಮೇಷ್ಟ್ರಿಗೆ ಅನುಮಾನ ಬರುತ್ತಿತ್ತೇನೋ. ಒಂದು ಸಲ ಎಂದದ್ದರಿಂದ ಎಲ್ಲ ಹೊಂದಿಕೊಂಡಿತು: ಹುಡುಗಿ ನಾಬು ತಪ್ಪಿಸಿದಳು, ಪೆನ್ನು ಹೋಗಿ ಬಡಿಯಿತು, ಹೆದರಿ ಉಳಿದದ್ದನ್ನು ತಾನೇ ಗೀಚಿದಳು. ಕೆಲಸದಿಂದ ತೆಗೆದುಹಾಕಿ ಕಿರಿಯವಳ ಕೈಗೆ ಕೊಟ್ಟ ಪತ್ರದಲ್ಲಿ 'ಅಳತೆಯಲ್ಲಿ ಅಪ್ರಾಮಾಣಿಕತೆ' ಎಂಬ ಎರಡು ಪದಗಳಿದ್ದವು. ಅವನ್ನು ಓದಿದ ಮೇಲೆ ಯಾವ ಕಾಲೇಜೂ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಕರೆಯಲಿಲ್ಲ. ಗೇಟಿನ ಕಂಬಕ್ಕೆ ಒರಗಿ ನಿಂತು ಅವಳೇ ಅಕ್ಕನಿಗೆ ಹೇಳಿದ್ದಳು: "ನೀವು ಮಲಗಿದ್ರಿ ಅಂತ ನನಗೆ ಗೊತ್ತು ಅಕ್ಕ. ಹೇಳಕ್ಕೆ ಭಯ ಆಗಿರುತ್ತೆ. ಹೋಗ್ಲಿ ಬಿಡಿ, ನನಗೆ ಬೇಜಾರಿಲ್ಲ. ಮಲಗಿದವರಿಗೆ ಹೇಗೆ ಕೇಳಿಸ್ಬೇಕು?"

ಅವಳು ಕ್ಷಮಿಸಿದ್ದು ನಿದ್ದೆಯನ್ನು. ಅಕ್ಕ ಅಷ್ಟನ್ನು ತೆಗೆದುಕೊಂಡು ಸುಮ್ಮನಾದಳು. ಎರಡು ವರ್ಷ ಬಿಟ್ಟು, ಕನ್ನಡಕದ ಅಂಗಡಿ ಇಟ್ಟಿದ್ದ ತಮ್ಮನಿಗೆ ತಾನೇ ಮುಂದೆ ನಿಂತು ಅವಳನ್ನು ತಂದುಕೊಂಡಳು. ಎಲ್ಲರೂ ಅಕ್ಕನ ದೊಡ್ಡ ಮನಸ್ಸನ್ನು ಹೊಗಳಿದರು.

ಮಧ್ಯಾಹ್ನದ ಊಟವಾದ ಮೇಲೆ ಅಕ್ಕ ಒಬ್ಬಳೇ ಹಳೆಯ ದಾಖಲೆಗಳ ಉಗ್ರಾಣಕ್ಕೆ ಹೋದಳು. ಬಲ್ಬು ಹೋಗಿತ್ತು. ಟಾರ್ಚ್ ಹಿಡಿದು ಮೂರನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ ಕೈ ಹಾಕಿದಳು. ಎಲ್ಲಿದೆಯೆಂದು ಹುಡುಕುವ ಅಗತ್ಯ ಅವಳಿಗಿರಲಿಲ್ಲ. ಸುರುಳಿಯನ್ನು ನೆಲದ ಮೇಲೆ ಬಿಡಿಸಿದಳು. ತಾರೀಕು, ಕಿರಿಯವಳ ಉರುಟು ಅಕ್ಷರ, ಮೂರು ಚಪ್ಪಟೆ ಗುಡ್ಡಗಳು. ಮೊದಲನೆಯದರ ಪಕ್ಕದಲ್ಲಿ ಒಂದು ಸಹಿ. ಇನ್ನೊಂದು ಸಹಿಯ ಜಾಗದಲ್ಲಿ ಪೆನ್ಸಿಲಿನ ಗೀಟು ಎಳೆದು ಖಾಲಿ ಬಿಟ್ಟಿತ್ತು. ಮೂರನೆಯ ಗುಡ್ಡದ ಕೊನೆಯಲ್ಲಿ ಇಂಕು ತೆಳುವಾಗಿ, ಚುಕ್ಕಿ ಚುಕ್ಕಿಯಾಗಿ, ನಿಂತೇ ಹೋಗಿತ್ತು. ಮುಂದೆ ಬಿಳಿ ಕಾಗದ.

ಎದ್ದೇಳಲೆಂದು ಅವಳು ಟಾರ್ಚನ್ನು ನೆಲದ ಮೇಲಿಟ್ಟು ಮೊಣಕಾಲು ಹಿಡಿದುಕೊಂಡಳು. ಬೆಳಕು ಕಾಗದದ ಮೇಲೆ ಅಡ್ಡಡ್ಡ ಹರಿಯಿತು. ಖಾಲಿ ಕಾಗದದಲ್ಲಿ ಒಂದು ನೆರಳು ಎದ್ದಿತು.

ಇಂಕಿಲ್ಲದ ನಿಬ್ಬು ಕಾಗದವನ್ನು ಗೀರಿಕೊಂಡು ಹೋಗಿತ್ತು. ಗೀರು ತಳದಲ್ಲಿ ಸ್ವಲ್ಪ ದೂರ ನೇರ ಓಡಿ, ಮೇಲೇರಿ, ಒಂದು ಎತ್ತರದಲ್ಲಿ ನಿಂತು, ಬಹಳ ಹೊತ್ತು ಅಲ್ಲೇ ನಡೆದು, ಇಳಿದಿತ್ತು. ಅಕ್ಕನಿಗೆ ಆ ಎತ್ತರ ತನ್ನ ಕೈಬರಹದಷ್ಟೇ ಪರಿಚಿತ. ಆದರೂ ಹಿಂದಿನ ವಾರದ ಸುರುಳಿ ತಂದು ಪಕ್ಕಕ್ಕಿಟ್ಟಳು. ಸ್ಥಿರ ಮೂಲ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ನಾಬು ಸರಿಯಾಗಿಯೇ ಇತ್ತು. ಅಷ್ಟು ಹೊತ್ತೂ ಕಿರಿಯವಳು ಒಬ್ಬಳೇ ಕೂತು, ಬರೆಯದ ಪೆನ್ನನ್ನು ನೋಡುತ್ತಾ, ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು.

ಅಕ್ಕ ತುಂಬ ಹೊತ್ತು ನೆಲದ ಮೇಲೆಯೇ ಕೂತಿದ್ದಳು. ಆಮೇಲೆ ಇಂಕು ನಿಂತ ಜಾಗದಲ್ಲಿ ಸ್ಕೇಲು ಇಟ್ಟು, ಖಾಲಿ ಭಾಗವನ್ನಷ್ಟೇ ಮೊಳದುದ್ದ ಹರಿದಳು. ಇಡೀ ಸುರುಳಿ ಚೀಲದಲ್ಲಿ ಹಿಡಿಸುವುದಿಲ್ಲ ಎಂದು ತನಗೇ ಹೇಳಿಕೊಂಡಳು. ಇದನ್ನು ಮೊದಲು ನೋಡಬೇಕಾದವಳು ಸಂಶೋಧಕಿಯಲ್ಲ. ಇವತ್ತು ರಾತ್ರಿ ಅಡುಗೆಮನೆಯಲ್ಲಿ, ಇಬ್ಬರೇ ಇದ್ದಾಗ, ಟಾರ್ಚನ್ನು ಹೀಗೆ ಅಡ್ಡ ಹಿಡಿದು ತೋರಿಸಬೇಕು. ಬಸ್ಸಿನಲ್ಲಿ ಕೂತು ಅವಳು ಮೊದಲ ವಾಕ್ಯವನ್ನು ನಾಲ್ಕು ಬಗೆಯಲ್ಲಿ ಕಟ್ಟಿ ನೋಡಿದಳು.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ತಮ್ಮನ ಮಗಳು ಹದಿನಾರು ತುಂಬಿದವಳು, ತಟ್ಟೆಯ ಪಕ್ಕ ಶಾಲೆಯ ಪ್ರಯೋಗದ ಪುಸ್ತಕ ತೆರೆದಿಟ್ಟುಕೊಂಡಿದ್ದಳು. ಕಿರಿಯವಳು ಬಡಿಸುತ್ತಾ ಬಾಗಿ ನೋಡಿ, "ಇಲ್ಲಿ ಮೂರನೇ ಅಳತೆ ಯಾಕೋ ಬೇರೆ ಥರ ಇದೆಯಲ್ಲ ಪುಟ್ಟಾ, ಇನ್ನೊಂದ್ಸಲ ತಗೊಂಡಿದ್ರೆ..." ಎಂದಳು.

"ಅಮ್ಮಾ, ಪ್ಲೀಸ್. ನೀನು ಮುಟ್ಬೇಡ. ಅತ್ತೆ ನೋಡಿ ಹೇಳ್ತಾರೆ." ಹುಡುಗಿ ಪುಸ್ತಕವನ್ನು ಅಕ್ಕನ ಕಡೆ ತಳ್ಳಿದಳು.

"ಹಾಗನ್ಬೇಡಮ್ಮಾ," ಎಂದ ತಮ್ಮ, ನಗೆ ತಡೆದುಕೊಳ್ಳುತ್ತಾ. "ನಿಮ್ಮಮ್ಮನ ಕಣ್ಣು ಸಾಮಾನ್ಯದ್ದಲ್ಲ. ಆಕಾಶ ಹತ್ತಿ ಉರಿಯೋದು ಕಾಣುತ್ತೆ. ಹಾಲು ಉಕ್ಕೋದು ಕಾಣಲ್ಲ ಅಷ್ಟೇ. ನಮ್ಮಂಗಡೀಲಿ ಅದಕ್ಕೆ ನಂಬರಿನ ಕನ್ನಡಕ ಇಲ್ಲ."

ಅಮ್ಮ ನಕ್ಕು ಕೆಮ್ಮಿದಳು. "ಒಲೆ ಆರಿದೆಯೋ ಇಲ್ವೋ ಅಂತ ಗೊತ್ತಾಗದವಳ್ನ ಇವಳು ನಕ್ಷತ್ರ ನೋಡಕ್ಕೆ ಕೂರಿಸಿದ್ಲಂತೆ."

"ನಕ್ಷತ್ರ ಅಲ್ಲ ಅಜ್ಜಿ, ಕ್ವೇಸಾರ್."

"ಯಾವುದೋ ಒಂದು ಮುದುಕಿ. ಈ ಮನೇಲಿ ಒಬ್ಳು ಸಾಲ್ದು ಅಂತ."

ಎಲ್ಲರೂ ನಕ್ಕರು. ಕಿರಿಯವಳೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಕ್ಕಳು. ಇಪ್ಪತ್ತೆರಡು ವರ್ಷಗಳಲ್ಲಿ ಈ ತಮಾಷೆ ಸವೆದು ನುಣುಪಾಗಿತ್ತು. ಅವಳಿಗೆ ಎಲ್ಲಿ ನಗಬೇಕೆಂದು ಗೊತ್ತಿತ್ತು.

ಅಕ್ಕ ಪ್ರಯೋಗದ ಪುಸ್ತಕ ನೋಡಿದಳು. ಮೂರನೆಯ ಅಳತೆ ನಿಜವಾಗಿಯೂ ತಪ್ಪಿತ್ತು. ತುತ್ತನ್ನು ತಟ್ಟೆಗೆ ಹಾಕಿ, "ಇವತ್ತು ಆಫೀಸಲ್ಲಿ ಒಂದು ವಿಷಯ ಆಯ್ತು," ಎಂದಳು.

ನಾಲ್ಕು ಮುಖಗಳು ಅವಳ ಕಡೆ ತಿರುಗಿದವು. ಅಕ್ಕ ಬಾಯಿ ತೆರೆದರೆ ಈ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಅವಳ ಮಾತಿನ ಮೇಲೆ ತಮ್ಮ ಅಂಗಡಿ ಹಾಕಿದ್ದಾನೆ, ಅಮ್ಮ ಔಷಧಿ ನುಂಗುತ್ತಾಳೆ, ಹುಡುಗಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಹುಡುಗಿ ಗಲ್ಲಕ್ಕೆ ಕೈಕೊಟ್ಟು ಅತ್ತೆಯನ್ನೇ ನೋಡುತ್ತಿದ್ದಳು. ಮುಂದಿನ ಮಾತು ಆಡಿದ ಮೇಲೆ ಆ ಕಣ್ಣು ಎತ್ತ ತಿರುಗುತ್ತದೆ ಎಂದು ಅಕ್ಕ ಮನಸ್ಸಿನಲ್ಲೇ ನೋಡಿದಳು. ಅಷ್ಟನ್ನೂ, ಎದುರಿಗೇ ನಡೆದಂತೆ, ಒಂದೊಂದಾಗಿ ನೋಡಿದಳು.

"ಏನೇ, ಪೆನ್ಷನ್ ಕಾಗದ ಬಂತಾ?" ಎಂದಳು ಅಮ್ಮ.

"ಹೂಂ. ಬರುತ್ತಂತೆ," ಎಂದಳು ಅಕ್ಕ.

ಮನೆ ಮಲಗಿದ ಮೇಲೆ ಅವಳು ಟಾರ್ಚ್ ಹಿಡಿದು ಅಡುಗೆಮನೆಗೆ ಹೋದಳು. ಹೇಳುವುದಾದರೆ ಇಲ್ಲೇ ಹೇಳಬೇಕು, ಕೇಳಬೇಕಾದವಳೊಬ್ಬಳಿಗೇ ಹೇಳಬೇಕು ಎಂದುಕೊಂಡಿದ್ದಳು. ಕಿರಿಯವಳು ಬೀರುವಿನ ಡಬ್ಬಗಳನ್ನೆಲ್ಲ ನೆಲಕ್ಕಿಳಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕತ್ತರಿ. ಕೈಯಲ್ಲಿ ಆ ಕಾಗದ.

"ನಿಮ್ಮ ಚೀಲದಿಂದ ಟಿಫನ್ ಡಬ್ಬಿ ತೆಗೆಯುವಾಗ ಸಿಕ್ತು. ಶೆಲ್ಫಿಗೆ ಹಾಸಕ್ಕೆ ತಂದ್ರಲ್ವಾ? ನಾನೇ ಕೇಳ್ಬೇಕು ಅಂತಿದ್ದೆ. ಹಳೇದೆಲ್ಲ ಎಣ್ಣೆ ಕುಡಿದು ಕರಗಿದೆ."

ವೀಕ್ಷಣಾಲಯದವರೆಲ್ಲ ಬರೆಯದೆ ಉಳಿದ ಸುರುಳಿಯ ಬಾಲವನ್ನು ಮನೆಗೆ ತಂದು ಹೀಗೆ ಶೆಲ್ಫಿಗೆ ಹಾಸುವುದು ಹಳೆಯ ರೂಢಿ. ಕಾಗದ ಗಟ್ಟಿ, ಅಗಲ ಸರಿಯಾಗಿ ಹಲಗೆಯಷ್ಟೇ.

ಅಕ್ಕ ಟಾರ್ಚ್ ಹಿಡಿದು ಹೊಸ್ತಿಲಲ್ಲೇ ನಿಂತಳು.

ಕಿರಿಯವಳು ಕಾಗದವನ್ನು ಹಲಗೆಯ ಮೇಲೆ ಚಾಚಿ ಅಂಗೈಯಿಂದ ಸವರಿದಳು. ಸವರುತ್ತಿದ್ದ ಕೈ ನಿಂತಿತು. ತೋರುಬೆರಳು ಒಬ್ಬಂಟಿಯಾಗಿ ಹಿಂದಕ್ಕೆ ಬಂದು, ಮೇಲೇರಿ, ಒಂದು ಎತ್ತರದಲ್ಲಿ ಅಡ್ಡಡ್ಡ ಸಾಗಿತು.

"ಇಲ್ಲಿ ಗೀರಿದೆ ಅಕ್ಕ. ಪೆನ್ನಲ್ಲಿ ಇಂಕ್ ಇರ್ಲಿಲ್ಲ ಅನ್ಸುತ್ತೆ."

"ಇರ್ಬೇಕು."

"ಅವತ್ತೂ..." ಅವಳು ತಲೆಯೆತ್ತಿದಳು. ನಲವತ್ತೇಳರ ಆ ಮುಖದ ಮೇಲೆ ಒಂದು ಗಳಿಗೆ, ಬಾಗಿಲು ತಟ್ಟಿದ ರಾತ್ರಿಯ ಮುಖ ಬಂದು ನಿಂತಿತು. "ಅವತ್ತೂ ಹೀಗೇ ಆಗಿತ್ತಲ್ವಾ?"

ಟಾರ್ಚ್ ಅಕ್ಕನ ಕೈಯಲ್ಲೇ ಇತ್ತು. ಹೆಬ್ಬೆರಳು ಗುಂಡಿಯ ಮೇಲೆ ಇತ್ತು. ಕಾಗದದ ಮಟ್ಟಕ್ಕೆ ಹಿಡಿದು ಒತ್ತಿದರೆ ಸಾಕಿತ್ತು.

"ಆ ಪೆನ್ನು ಹಾಗೇನೆ," ಎಂದಳು. "ಎಷ್ಟೋ ಸಲ ಕಟ್ಕೊಳ್ತಿತ್ತು."

"ಎಷ್ಟೋ ಸಲ?"

"ಎಷ್ಟೋ ಸಲ."

"ಹೌದಾ." ಆ ಮುಖ ಬಂದಷ್ಟೇ ಬೇಗ ಹೊರಟುಹೋಯಿತು. "ನಾನು ಅವತ್ತೊಂದೇ ದಿನ ಅಂದ್ಕೊಂಡಿದ್ದೆ ನೋಡಿ. ನಾಬು ನಾನೇ ತಿರುಗಿಸಿರ್ತೀನಿ ಅಕ್ಕ. ಇಷ್ಟು ವರ್ಷ ಆದ್ಮೇಲೆ ನನಗೂ ಹಾಗೇ ಅನ್ಸುತ್ತೆ." ಅವಳು ಕತ್ತರಿ ತೆಗೆದುಕೊಂಡಳು. ಹಲಗೆಯ ಅಳತೆ ನೋಡಿ, ಕಾಗದವನ್ನು ಮಡಿಸಿ, ಗೀರು ಅಡ್ಡಡ್ಡ ಸಾಗಿದ್ದಲ್ಲೇ ಕತ್ತರಿಸಿದಳು. ಒಂದು ತುಂಡು ಮೇಲಿನ ಹಲಗೆಗೆ, ಒಂದು ಕೆಳಗಿನದಕ್ಕೆ. ಸಕ್ಕರೆ ಡಬ್ಬ, ಚಹಾ ಡಬ್ಬ, ಹಿಟ್ಟಿನ ದೊಡ್ಡ ಡಬ್ಬ ಒಂದೊಂದಾಗಿ ಅವುಗಳ ಮೇಲೆ ಕೂತವು.

ಆಮೇಲೆ ಒಲೆಯ ಮುಂದೆ ನಿಂತಳು. ಟಕ್. ತಲೆ ವಾಲಿಸಿ ಕೇಳಿದಳು. ಟಕ್. ಮತ್ತೆ ಕೇಳಿದಳು. ಟಕ್.

"ಒಂದ್ಸಲ ನೋಡ್ತೀರಾ ಅಕ್ಕ?"

ಅಕ್ಕ ಮುಂದೆ ಬಂದು ಮೂರು ನಾಬುಗಳನ್ನೂ ಮುಟ್ಟಿದಳು. "ಆಫ್ ಇದೆ. ಹೋಗಿ ಮಲ್ಕೋ."

"ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ," ಎಂದು ಕಿರಿಯವಳು ದೀಪ ಆರಿಸಿದಳು.

ಹಾಸಿಗೆಯಲ್ಲಿ ಅಕ್ಕ ನಾಳೆಯ ಮಾತನ್ನು ಒಂದೇ ಸಲಕ್ಕೆ ಕಟ್ಟಿದಳು: ಸುರುಳಿ ಸಿಕ್ಕಿತು, ಮೂರನೇ ಗುಡ್ಡದ ನಂತರ ಕಾಗದವೇ ಮುಗಿದಿದೆ, ನೋಡಮ್ಮಾ, ಇಲ್ಲೇ ಹರಿದಿದೆ. ಸಂಶೋಧಕಿಗೆ ಇಷ್ಟು. ಕಿರಿಯವಳಿಗೆ, ತಮ್ಮನಿಗೆ, ಹುಡುಗಿಗೆ ಏನೂ ಇಲ್ಲ. ಯಾರಿಗೂ ಇಲ್ಲ, ಎಂದಿಗೂ ಇಲ್ಲ. ತೀರ್ಮಾನವಾದ ಮೇಲೆ ಅವಳಿಗೆ ಆಶ್ಚರ್ಯವಾಗುವಷ್ಟು ಬೇಗ ಕಣ್ಣು ಎಳೆಯಿತು. ಅಡುಗೆಮನೆಯ ಕಡೆ ಮತ್ತೆ ಬರಿಗಾಲಿನ ಹೆಜ್ಜೆ ಕೇಳಿಸಿತು, ಬೀರುವಿನ ಬಾಗಿಲು ತೆರೆದ ಸದ್ದು, ಡಬ್ಬಗಳನ್ನು ಇಳಿಸಿ ಕಾಗದ ಎಳೆದ ಸದ್ದು. ಆಮೇಲೆ ಅವಳ ಕೋಣೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ಅಕ್ಕ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡಳು.